ಇಂಗ್ಲಿಷ್ ಪರೀಕ್ಷೆಗೆ ಕಿವಿ, ಬಾಯಿ ಬೇಡವೆ?

ಮಾನ್ಯ ಸಂಪಾದಕರೆ,

ಜೂನ್ ಹತ್ತಿರ ಬಂತೆಂದರೆ ಪಾಲಕರು ಶಾಲೆಗೆ ಬಂದು ಕೇಳುವ ಮೊದಲ ಮಾತು: ‘ನಿಮ್ಮ ಶಾಲ್ಯಾಗ ಹುಡುಗರು ಇಂಗ್ಲಿಷ್ ಮಾತಾಡ್ತಾರೇನ್ರಿ?’ ಈಚೆಗೆ ಇನ್ನೊಂದು ಪ್ರಶ್ನೆ ಸೇರಿದೆ: ‘ಫ್ರೆಂಚು, ಜರ್ಮನ್ನು, ಜಪಾನಿ ಏನರ ಕಲಿಸ್ತೀರೇನು?’ ಎರಡೂ ನ್ಯಾಯವಾದ ಪ್ರಶ್ನೆಗಳೇ. ಪ್ರೌಢಶಾಲೆಯಲ್ಲಿ ಭಾಷೆ ಕಲಿಸುವವರಾಗಿ ನಾವು ಹೇಳುವುದು ಇಷ್ಟು: ಶಾಲೆಯ ಕೈಯಲ್ಲೇ ಇರುವ 20 ಆಂತರಿಕ ಅಂಕಗಳನ್ನು ಕೇಳುವ, ಮಾತಾಡುವ ಪರೀಕ್ಷೆಗೆ ಕೊಡಬೇಕು. ಅದಾಗದ ಹೊರತು ಇಂಗ್ಲಿಷ್ ಮಕ್ಕಳ ಬಾಯಿಗೆ ಬರುವುದಿಲ್ಲ, ಅದರ ಮೇಲೆ ತಂದು ಹೇರುವ ವಿದೇಶಿ ಭಾಷೆಯೂ ಬರುವುದಿಲ್ಲ.

ಲೆಕ್ಕ ನೋಡಿ. ಕನ್ನಡ ಮಾಧ್ಯಮದ ಹೆಚ್ಚಿನ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆ. 100 ಅಂಕದಲ್ಲಿ 80 ಲಿಖಿತ, 20 ಆಂತರಿಕ. ಲಿಖಿತ ಪತ್ರಿಕೆಯಲ್ಲಿ ಪತ್ರ ಬರೆಯುವುದಿದೆ, ಚಿತ್ರ ನೋಡಿ ವಾಕ್ಯ ಬರೆಯುವುದಿದೆ, ಪದ್ಯದ ಸಾಲುಗಳನ್ನು ಬಾಯಿಪಾಠದಿಂದ ಬರೆಯುವುದಿದೆ. ಕಿವಿಗೆ ಒಂದು ಅಂಕವಿಲ್ಲ, ಬಾಯಿಗೆ ಒಂದು ಅಂಕವಿಲ್ಲ. ಫ್ರೆಂಚ್ ಕಲಿಯುವವರು ಬರೆಯುವ ‘ಡೆಲ್ಫ್’ ಪರೀಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಕೇಳುವುದಕ್ಕೆ 25, ಓದುವುದಕ್ಕೆ 25, ಬರೆಯುವುದಕ್ಕೆ 25, ಮಾತಾಡುವುದಕ್ಕೆ 25. ಪಾಸಾಗಲು 50 ಬೇಕು. ಯಾವುದೇ ಒಂದು ಭಾಗದಲ್ಲಿ 5ಕ್ಕಿಂತ ಕಡಿಮೆ ಬಂದರೆ ಉಳಿದದ್ದರಲ್ಲಿ ಎಷ್ಟು ಬಂದಿದ್ದರೂ ನಪಾಸು. ಪರೀಕ್ಷೆ ಹೀಗಿದ್ದರೆ ಪಾಠವೂ ಹಾಗೇ ನಡೆಯುತ್ತದೆ. ನಮ್ಮಲ್ಲಿ ಗೈಡ್ ನೋಡಿ ಪ್ರಶ್ನೋತ್ತರ ಬರೆಸುವ ಶಿಕ್ಷಕರನ್ನು ದೂರುವುದು ಸುಲಭ. ಆದರೆ ಆ ಶಿಕ್ಷಕರು ಪರೀಕ್ಷೆ ಕೇಳಿದ್ದನ್ನೇ ಕೊಡುತ್ತಿದ್ದಾರೆ.

2007-08ರಿಂದ ಕನ್ನಡ ಮಾಧ್ಯಮದ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿದೆ. ಅಂದರೆ ಹತ್ತನೇ ತರಗತಿಗೆ ಬಂದ ಮಗು ಹತ್ತು ವರ್ಷ ಇಂಗ್ಲಿಷ್ ಓದಿರುತ್ತದೆ. ಬಾದಾಮಿಯ ಮೊದಲ ಗುಹೆಯ ಮುಂದೆ ನಿಂತ ಪರದೇಶದ ಪ್ರವಾಸಿ ‘ಇದು ಯಾರ ಮೂರ್ತಿ?’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಅದೇ ಮಗು ಗೆಳೆಯನ ಬೆನ್ನ ಹಿಂದೆ ಸರಿಯುತ್ತದೆ. ಉತ್ತರ ಅದಕ್ಕೆ ಗೊತ್ತು, ನಟರಾಜ ಎಂದು ಗೊತ್ತು. ಪ್ರಶ್ನೆ ಕಿವಿಗೆ ಬಿದ್ದರೂ ಮಾತಾಗಿ ಒಳಗೆ ಇಳಿಯಲಿಲ್ಲ, ಅಷ್ಟೇ.

ತಪ್ಪುಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇವು ದಡ್ಡತನದ ತಪ್ಪುಗಳಲ್ಲ. ಮಗು ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದಾಗ ಆಗುವ ತಪ್ಪುಗಳು. ‘ನೀನು ಎಲ್ಲಿಗೆ ಹೊಂಟೀದಿ’ ಎಂದು ಕೇಳುವಾಗ ಕನ್ನಡದಲ್ಲಿ ಪದಗಳ ಜಾಗ ಬದಲಾಗುವುದಿಲ್ಲ. ಆದ್ದರಿಂದ ‘ವೇರ್ ಯು ಆರ್ ಗೋಯಿಂಗ್’ ಎನ್ನುತ್ತದೆ. ‘ಆರ್’ ಹಾರಿ ‘ಯು’ ಮುಂದೆ ಬಂದು ಕೂರಬೇಕೆಂಬುದು ವ್ಯಾಕರಣದ ಕೋಷ್ಟಕ ಬರೆಸಿದರೆ ಬರುವುದಿಲ್ಲ. ದಿನಕ್ಕೆ ಹನ್ನೆರಡು ಪ್ರಶ್ನೆಯನ್ನು ಬಾಯಲ್ಲಿ ಹೇಳಿಸಿ, ಎರಡು ವಾರ ಬಿಡದೆ ಮಾಡಿಸಿದರೆ ಬರುತ್ತದೆ. ‘ನನಗ ಇಬ್ಬರು ತಮ್ಮಂದಿರು ಅದಾರ’ ಎಂಬುದರಲ್ಲಿ ‘ನನಗೆ’ ಚತುರ್ಥಿ ವಿಭಕ್ತಿ. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ‘ಐ’ ಕರ್ತೃವಾಗಿ ಬಂದು ‘ಹ್ಯಾವ್’ ಹಿಡಿದುಕೊಳ್ಳುತ್ತದೆ. ಹಸಿವು, ಜ್ವರ, ಸಿಟ್ಟು, ತಮ್ಮ, ತಂಗಿ ಎಲ್ಲವೂ ಕನ್ನಡದಲ್ಲಿ ‘ನನಗೆ’ ಇರುವಂಥವು. ಅವನ್ನೆಲ್ಲ ಒಂದೇ ಪಾಠದಲ್ಲಿ ಒಟ್ಟಿಗೆ ಕೂಡಿಸಿ ಕಲಿಸಿದರೆ ಮಗುವಿಗೆ ಎರಡು ಭಾಷೆಯ ನಡುವಿನ ದಾರಿ ಕಾಣುತ್ತದೆ.

ಇನ್ನೊಂದು, ಯಾರೂ ಕಲಿಸದೆ ಬಿಡುವಂಥದು. ‘ಊಟ ಮಾಡಿಲ್ಲೇನು?’ ಎಂದರೆ ನಾವು ‘ಹೌದು, ಮಾಡಿಲ್ಲ’ ಎನ್ನುತ್ತೇವೆ. ಕೇಳಿದವನ ಮಾತಿಗೆ ಹೌದು. ಇಂಗ್ಲಿಷಿನಲ್ಲಿ ‘ನೋ, ಐ ಡಿಡಂಟ್’ ಎನ್ನಬೇಕು. ಉಂಡಿಲ್ಲದ ಹುಡುಗ ‘ಯೆಸ್’ ಎಂದರೆ ಎದುರಿನವರು ಉಂಡಿದ್ದಾನೆಂದೇ ತಿಳಿಯುತ್ತಾರೆ. ಕೆಲಸದ ಸಂದರ್ಶನದಲ್ಲಿ, ಆಸ್ಪತ್ರೆಯಲ್ಲಿ ಈ ಒಂದು ಪದ ಇಡೀ ಮಾತನ್ನು ತಿರುಗಿಸಿಬಿಡುತ್ತದೆ.

ಉಚ್ಚಾರದ ವಿಷಯ. ‘ಇಸ್ಕೂಲ್’, ‘ಯೆಗ್ಗು’, ‘ವೋನ್ಲಿ’ ಎಂಬುವನ್ನು ಹಿಡಿದು ಮಕ್ಕಳನ್ನು ನಗೆಗೀಡು ಮಾಡುವ ಪದ್ಧತಿ ಮೊದಲು ನಿಲ್ಲಬೇಕು. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ, ಹಾಗಾಗಿ ಬಸ್ ಬಸ್ಸಾಗುತ್ತದೆ, ಬುಕ್ ಬುಕ್ಕಾಗುತ್ತದೆ. ಮಕ್ಕಳು ಇಂಗ್ಲಿಷ್ ಪದದ ಮೇಲೆ ಪೆನ್ಸಿಲ್‌ನಿಂದ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವ ರೂಢಿಯೂ ಇದನ್ನು ಗಟ್ಟಿ ಮಾಡುತ್ತದೆ. ಇಂಗ್ಲಿಷಿನ ಎರಡು ಬೇರೆ ದನಿಗಳಿಗೆ ನಮ್ಮಲ್ಲಿರುವುದು ಒಂದೇ ‘ವ’. ಮೇಲಿನ ಹಲ್ಲು ಕೆಳತುಟಿಗೆ ತಾಗಿದರೆ ಒಂದು, ಎರಡೂ ತುಟಿ ದುಂಡಗಾದರೆ ಇನ್ನೊಂದು. ಬನಿಯನ್ನಿಗೆ ಹೇಳುವ ‘ವೆಸ್ಟ್’, ಪಡುವಣಕ್ಕೆ ಹೇಳುವ ‘ವೆಸ್ಟ್’ ಎರಡನ್ನೂ ಇಲ್ಲಿ ನಾವು ಒಂದೇ ರೀತಿ ಬರೆಯಬೇಕಾಯಿತು. ಪೆನ್ಸಿಲ್ ಬರಹದ ತೊಂದರೆಯೂ ಇದೇ. ಒಂದು ಕೈಗನ್ನಡಿ ತಂದು ತುಟಿ ನೋಡಿಕೊಂಡು ಹೇಳಿ ಎಂದರೆ ಹತ್ತು ನಿಮಿಷದ ಕೆಲಸ.

ನಮ್ಮ ವರ್ಣಮಾಲೆ ಇಂಗ್ಲಿಷ್ ಕಲಿಸಲು ಎಂಥ ಉಪಕರಣ ಎಂಬುದನ್ನೂ ಹೇಳಬೇಕು. ಭೂತಕಾಲದ ‘ಇಡಿ’ ಪ್ರತ್ಯಯಕ್ಕೆ ಮೂರು ಉಚ್ಚಾರ: ‘ವಾಕ್ಟ್’, ‘ಪ್ಲೇಡ್’, ‘ವಾಂಟಿಡ್’. ಮಕ್ಕಳು ಮೂರನ್ನೂ ‘ವಾಕೆಡ್, ಪ್ಲೇಯೆಡ್’ ಎಂದು ಓದುತ್ತಾರೆ. ಗಂಟಲ ಮೇಲೆ ಎರಡು ಬೆರಳು ಇಟ್ಟು ‘ಕ್’ ಅನ್ನಿಸಿ, ಗಂಟಲು ಅದುರುವುದಿಲ್ಲ. ‘ಗ್’ ಅನ್ನಿಸಿ, ಅದುರುತ್ತದೆ. ವರ್ಗದ ಮೊದಲ ಅಕ್ಷರಗಳ ದನಿ, ಜೊತೆಗೆ ಸ, ಶ, ಫ, ಇವುಗಳ ಮುಂದೆ ‘ಟ್’: ಸ್ಟಾಪ್ಟ್, ವಾಶ್ಟ್, ಲಾಫ್ಟ್. ಗಂಟಲು ಅದುರುವ ಉಳಿದವುಗಳ ಮುಂದೆ ‘ಡ್’: ಬೆಗ್ಡ್, ಲವ್ಡ್. ಪದವೇ ‘ಟ’ ಅಥವಾ ‘ಡ’ ದನಿಯಲ್ಲಿ ಮುಗಿದಿದ್ದರೆ ಮಾತ್ರ ‘ಇಡ್’. ಕ-ಖ-ಗ-ಘ ಬಲ್ಲ ಎಂಟನೇ ತರಗತಿಯ ಮಗುವಿಗೆ ಇದು ಒಂದು ಅವಧಿಯ ಪಾಠ. ಹಾಗೆಯೇ ಸಂಧಿ. ‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವುದನ್ನು ಬಲ್ಲ ಮಗುವಿಗೆ ‘ವಾಟ್ ಈಸ್ ಇಟ್’ ಎಂಬುದು ಮಾತಿನ ಓಟದಲ್ಲಿ ‘ವಾಟಿಝಿಟ್’ ಎಂದು ಕೇಳಿಸುತ್ತದೆಂದು ತಿಳಿಸುವುದು ಕಷ್ಟವಲ್ಲ. ಶಿಕ್ಷಕರು ಉಕ್ತಲೇಖನವನ್ನು ಒಂದೊಂದೇ ಪದ ಒಡೆದು ಹೇಳುವುದರಿಂದ ಈ ಕೂಡುಮಾತು ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ಐದು ವಾಕ್ಯ ಸಾಕು. ಮೊದಲ ಸಲ ಸಹಜ ವೇಗದಲ್ಲಿ ಓದಿ, ಪೆನ್ನು ಕೆಳಗಿರಲಿ. ಎರಡನೇ ಸಲ ವಾಕ್ಯ ವಾಕ್ಯಕ್ಕೆ ನಿಂತು ಓದಿ, ಬರೆಯಲಿ. ಮೂರನೇ ಸಲ ಮತ್ತೆ ಸಹಜ ವೇಗ, ತಿದ್ದಿಕೊಳ್ಳಲಿ. ಆರೇಳು ನಿಮಿಷ ಹಿಡಿಯುತ್ತದೆ. ಪಕ್ಕದವರ ವಹಿ ಪಕ್ಕದವರು ನೋಡಿದರೆ ಶಿಕ್ಷಕರಿಗೆ ಹೊರೆಯೂ ಇಲ್ಲ.

‘ಅರವತ್ತು ಮಕ್ಕಳ ತರಗತಿಯಲ್ಲಿ ಮಾತಾಡಿಸುವುದು ಹೇಗೆ?’ ಎಂದು ಕೇಳುತ್ತಾರೆ. 40 ನಿಮಿಷದ ಅವಧಿಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿದರೆ ತಲೆಗೆ 40 ಸೆಕೆಂಡು. ಅದರಲ್ಲಿ ಎದ್ದು ನಿಲ್ಲುವುದಕ್ಕೆ, ಕೆಮ್ಮುವುದಕ್ಕೆ ಹತ್ತು ಸೆಕೆಂಡು. ಇಬ್ಬಿಬ್ಬರ ಜೋಡಿ ಮಾಡಿ ಎಲ್ಲರನ್ನೂ ಒಂದೇ ಸಲ ಐದು ನಿಮಿಷ ಮಾತಾಡಲು ಬಿಟ್ಟರೆ ಒಬ್ಬೊಬ್ಬರಿಗೆ ಎರಡೂವರೆ ನಿಮಿಷ ಸಿಕ್ಕಿತು, ಅದೂ ಬರೀ ಐದು ನಿಮಿಷದಲ್ಲಿ. ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿ ಕೂತರೆ ಮುಗಿಯಿತು, ಬೆಂಚು ಎಳೆದಾಡಬೇಕಿಲ್ಲ. ಕೆಲಸ ಕೆಡುವುದು ಎರಡು ಕಡೆ. ಒಂದು, ಏನು ಮಾತಾಡಬೇಕೆಂದು ಗೊತ್ತಿಲ್ಲದೆ ಮಕ್ಕಳು ಕನ್ನಡಕ್ಕೆ ಇಳಿಯುವುದು. ಅದಕ್ಕೆ ಬೋರ್ಡಿನ ಮೇಲೆ ಮೂರು ಪ್ರಶ್ನೆಯ ಮೊದಲ ಪದಗಳು ಬರೆದಿರಬೇಕು, ಒಬ್ಬರಿಗೆ ಗೊತ್ತಿರುವ ಸಂಗತಿ ಇನ್ನೊಬ್ಬರಿಗೆ ಗೊತ್ತಿರಬಾರದು. ಒಬ್ಬರ ಚೀಟಿಯಲ್ಲಿ ಬಸ್ಸು ಬಿಡುವ ವೇಳೆ ಇದ್ದರೆ ಇನ್ನೊಬ್ಬರ ಚೀಟಿಯಲ್ಲಿ ಊರಿನ ಹೆಸರು ಇರಲಿ, ಕೇಳಿಯೇ ತುಂಬಿಸಬೇಕು. ಎರಡು, ಗದ್ದಲ. ಪಕ್ಕದ ತರಗತಿಯವರು ಬಂದು ನೋಡುತ್ತಾರೆ, ಮುಖ್ಯೋಪಾಧ್ಯಾಯರಿಗೆ ಶಿಸ್ತಿಲ್ಲ ಎನಿಸುತ್ತದೆ. ಭಾಷೆಯ ತರಗತಿಯಲ್ಲಿ ಆ ಗದ್ದಲವೇ ಪಾಠ ಎಂಬುದನ್ನು ಮುಖ್ಯೋಪಾಧ್ಯಾಯರು ಒಪ್ಪಿ, ಉಳಿದ ಶಿಕ್ಷಕರಿಗೂ ಮೊದಲೇ ಹೇಳಿರಬೇಕು.

ಮಾತಾಡುವಾಗ ನಡುವೆ ಬಾಯಿ ಹಾಕಿ ತಿದ್ದಬಾರದು. ಓಡಾಡುತ್ತ ಕೇಳಿದ ಐದು ತಪ್ಪನ್ನು ಚೀಟಿಯಲ್ಲಿ ಬರೆದುಕೊಂಡು ಕೊನೆಗೆ ಯಾರ ಹೆಸರೂ ಹೇಳದೆ ಬೋರ್ಡಿನ ಮೇಲೆ ಹಾಕಿ, ಮಕ್ಕಳಿಂದಲೇ ತಿದ್ದಿಸಿ. ಬರವಣಿಗೆಗೂ ಇದೇ ಸೂತ್ರ. ವಹಿಗೆ ಮೂರು ನಿಮಿಷವೆಂದರೂ 60 ವಹಿಗೆ ಮೂರು ತಾಸು. ವಾರಕ್ಕೆ ಒಂದೇ ಅಂಶ, ಈ ವಾರ ಕ್ರಿಯಾಪದ, ಮುಂದಿನ ವಾರ ‘ಎ’, ‘ಆ್ಯನ್’, ‘ದ’ ಎಂದು ನೋಡಿದರೆ ಶಿಕ್ಷಕರೂ ಬದುಕುತ್ತಾರೆ, ಮಕ್ಕಳಿಗೂ ಕೆಂಪು ಗೀಟಿನ ಹೆದರಿಕೆ ತಪ್ಪುತ್ತದೆ.

ಪಾಠದ ವಸ್ತುವನ್ನು ದೂರದಿಂದ ತರಬೇಕಿಲ್ಲ. ಬಾದಾಮಿ ಮೊದಲ ಗುಹೆಯ ನಟರಾಜನಿಗೆ 18 ಕೈ. ‘ಹೌ ಮೆನಿ ಆರ್ಮ್ಸ್ ಆರ್ ದೇರ್?’ ಎಂದು ಕೇಳಿ ಚಿತ್ರದಲ್ಲಿ ಎಣಿಸಲಿ. ಬಾದಾಮಿಯ ಗುಹೆಗಳು ಬಂಡೆ ಕೊರೆದು ಮಾಡಿದವು, ಪಟ್ಟದಕಲ್ಲಿನ ಗುಡಿಗಳು ಕಲ್ಲು ಕಟ್ಟಿ ಮಾಡಿದವು. ಮಕ್ಕಳು ಎರಡಕ್ಕೂ ‘ಬಿಲ್ಟ್’ ಎನ್ನುತ್ತಾರೆ. ಒಂದಕ್ಕೆ ‘ವಾಸ್ ಕಟ್’, ಇನ್ನೊಂದಕ್ಕೆ ‘ವಾಸ್ ಬಿಲ್ಟ್’ ಎಂದು ಬೇರೆ ಮಾಡಿ ಹೇಳಿಸಿದರೆ ಕರ್ಮಣಿ ಪ್ರಯೋಗ ಅಲ್ಲೇ ಕುದುರುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಯಾರು ಕಟ್ಟಿಸಿದರು? ರಾಣಿ ಲೋಕಮಹಾದೇವಿ. ಏಕೆ? ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ. ಬಾದಾಮಿಯ ಮೂರನೇ ಗುಹೆಯ ಶಾಸನದ ಕಾಲ? ಕ್ರಿ.ಶ. 578. ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1987ರಲ್ಲಿ. ಯಾರು, ಎಷ್ಟು, ಯಾವಾಗ, ಏಕೆ ಎಂಬ ನಾಲ್ಕೂ ಪ್ರಶ್ನೆ ಇದರಲ್ಲೇ ಇವೆ, ಉತ್ತರ ಮಗುವಿಗೆ ಸಮಾಜ ವಿಜ್ಞಾನದಿಂದ ಗೊತ್ತೇ ಇದೆ. ವಿಜಯಪುರದ ಶಾಲೆಗೆ ಗೋಳಗುಮ್ಮಟ ಇದೆ, ಬೆಳಗಾವಿಯ ಶಾಲೆಗೆ ಊರ ನಡುವಿನ ಕೋಟೆ ಇದೆ.

ಈಗ ಆ 20 ಅಂಕ. 60 ಮಕ್ಕಳೆಂದರೆ 30 ಜೋಡಿ. ಜೋಡಿಗೆ ನಾಲ್ಕು ನಿಮಿಷ, ಒಟ್ಟು 120 ನಿಮಿಷ, ಅಂದರೆ ಮೂರು ಅವಧಿ. ವರ್ಷಕ್ಕೆ ಎರಡು ಸಲ ಮಾಡಿದರೂ ಆರೇ ಅವಧಿ. ಜೋಡಿ ಒಳಗೆ ಬರುವಾಗ ಉಳಿದವರು ಹೊರಗೆ ಇನ್ನೊಬ್ಬ ಶಿಕ್ಷಕರ ಕಣ್ಣೆದುರು ಓದುವ ಕೆಲಸದಲ್ಲಿರಲಿ. ನೋಡದ ಐದು ಸಾಲನ್ನು ಗಟ್ಟಿಯಾಗಿ ಓದುವುದಕ್ಕೆ 5, ಕೇಳಿದ ಪ್ರಶ್ನೆ ತಿಳಿಯುವುದಕ್ಕೆ 5, ಎದುರಿನವರಿಗೆ ಅರ್ಥವಾಗುವಂತೆ ಉತ್ತರಿಸುವುದಕ್ಕೆ 5, ತಾನೇ ಒಂದು ಪ್ರಶ್ನೆ ಕೇಳುವುದಕ್ಕೆ 5. ಕೊನೆಯದನ್ನು ಬಿಡಬೇಡಿ. ನಮ್ಮ ಮಕ್ಕಳಿಗೆ ಉತ್ತರ ಹೇಳಿ ರೂಢಿ, ಕೇಳಿ ರೂಢಿಯಿಲ್ಲ. ಉತ್ತರ ಕರ್ನಾಟಕದ ಧಾಟಿ ಇತ್ತೆಂದು ಒಂದು ಅಂಕವನ್ನೂ ಕಡಿಯಬಾರದು. ಎಲ್ಲರಿಗೂ ಇಪ್ಪತ್ತಕ್ಕೆ ಇಪ್ಪತ್ತು ಹಾಕಿ ಕಳಿಸುವ ಚಾಳಿ ತಪ್ಪಲು ಪರೀಕ್ಷೆಯ ಧ್ವನಿಯನ್ನು ಮೊಬೈಲಿನಲ್ಲಿ ಮುದ್ರಿಸಿ, ಆರು ಜೋಡಿಯದ್ದನ್ನು ಪಕ್ಕದ ಊರಿನ ಶಾಲೆಯ ಶಿಕ್ಷಕರು ಕೇಳಿ ಅಂಕ ಹೊಂದುತ್ತದೋ ನೋಡಬೇಕು, ಆಮೇಲೆ ಅಳಿಸಬೇಕು. ಪಾಲಕರಿಗೆ ಇದನ್ನು ಮೊದಲೇ ತಿಳಿಸಿರಬೇಕು. ವರ್ಷದ ನಡುನಡುವೆ ಶಾಲೆಯಲ್ಲೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಚಟುವಟಿಕೆಗೆ ಈಗಲೇ ಜಾಗವಿದೆ. ಚಾರ್ಟಿನ ಮೇಲೆ ಚಿತ್ರ ಅಂಟಿಸುವುದಕ್ಕಿಂತ ಇದಕ್ಕೆ ಆ ಜಾಗ ಸಲ್ಲಬೇಕು.

ಇನ್ನು ವಿದೇಶಿ ಭಾಷೆ. ಇದಕ್ಕೆ ನಮ್ಮ ವಿರೋಧವಿಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಬರುವವರ ಭಾಷೆ ಬಲ್ಲ ಗೈಡ್‌ಗಳು ಬೇಕು. ಜರ್ಮನಿಯಲ್ಲಿ ನರ್ಸ್ ಆಗಬಯಸುವವರಿಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಕೇಳುತ್ತಾರೆ. ಆದರೆ ಯೂರೋಪಿನ ಅಳತೆಯಲ್ಲಿ ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಮೆಟ್ಟಿಲಲ್ಲಿ ಅದು ನಾಲ್ಕನೆಯದು. ಮೊದಲ ಮೆಟ್ಟಿಲಿಗೇ ಕಡಿಮೆಯೆಂದರೂ 80ರಿಂದ 100 ತಾಸು ಬೇಕು. ವಾರಕ್ಕೆ 40 ನಿಮಿಷದ ಎರಡು ಅವಧಿ, ವರ್ಷಕ್ಕೆ 30 ವಾರ ಎಂದರೆ ಸಿಗುವುದು 40 ತಾಸು. ಎಂಟು, ಒಂಬತ್ತು ಎರಡೂ ತರಗತಿ ಸೇರಿ ಎ1ರ ಹೊಸ್ತಿಲಿಗೆ ಬರಬಹುದು. ಬೇಸಿಗೆಯಲ್ಲಿ ದಿನಕ್ಕೊಂದು ತಾಸಿನಂತೆ 20 ದಿನ ಹೇಳಿಕೊಟ್ಟು ‘ಜರ್ಮನ್ ಬರುತ್ತದೆ’ ಎನ್ನುವವರಿಗೆ ಹಣ ಕಟ್ಟುವ ಮುನ್ನ ಪಾಲಕರು ಈ ಗುಣಾಕಾರ ಮಾಡಿಕೊಳ್ಳಬೇಕು. ಕನ್ನಡದ ಅವಧಿಯನ್ನಾಗಲಿ ತೃತೀಯ ಭಾಷೆಯ ಅವಧಿಯನ್ನಾಗಲಿ ಇದಕ್ಕಾಗಿ ಕತ್ತರಿಸಬಾರದು. ಶನಿವಾರ ಶಾಲೆ ಬಿಟ್ಟ ಮೇಲೆ, ಬಯಸಿದವರಿಗೆ ಮಾತ್ರ ನಡೆಯಲಿ.

ಯಾವ ಭಾಷೆ? ನಮ್ಮ ಮಕ್ಕಳಿಗೆ ಜಪಾನಿಯ ವಾಕ್ಯರಚನೆ ಆಶ್ಚರ್ಯವಾಗುವಷ್ಟು ಹತ್ತಿರ. ‘ವಾತಾಶಿ ವಾ ಮಿಝು ಓ ನೊಮಿಮಾಸ್’ ಎಂದರೆ ‘ನಾನು ನೀರನ್ನು ಕುಡಿಯುತ್ತೇನೆ’. ಪದಗಳ ಕ್ರಮ ಅದೇ, ಕ್ರಿಯಾಪದ ಕೊನೆಗೆ, ‘ಅನ್ನು’ ಕೂರುವಲ್ಲಿ ‘ಓ’. ‘ಊಟ ಮಾಡಿಲ್ಲೇನು’ ಎಂದರೆ ಅವರೂ ನಮ್ಮಂತೆ ‘ಹೌದು’ ಎಂದೇ ಶುರುಮಾಡುತ್ತಾರೆ. ಕಷ್ಟವಿರುವುದು ಬರಹದಲ್ಲಿ: ಹಿರಾಗಾನಾ 46, ಕಾತಾಕಾನಾ 46 ಮೂಲಾಕ್ಷರ, ಅದರ ಮೇಲೆ ಕಾಂಜಿ ಎಂಬ ಚೀನಿ ಮೂಲದ ಅಕ್ಷರಗಳು. ದಿನಕ್ಕೆ ಐದೈದು ಅಕ್ಷರ ಬರೆಸಿದರೆ ಹಿರಾಗಾನಾ ಹತ್ತು ದಿನದ ಕೆಲಸ. ರೋಮನ್ ಲಿಪಿಯಲ್ಲೇ ವರ್ಷ ಕಳೆಯುವ ತರಗತಿಯಿಂದ ಮಗುವನ್ನು ಬಿಡಿಸುವುದು ಒಳ್ಳೆಯದು. ಜಪಾನಿಯ ಜೆಎಲ್‌ಪಿಟಿ ಪರೀಕ್ಷೆ ಎನ್5ರಿಂದ ಎನ್1ರವರೆಗೆ ಐದು ಮಟ್ಟದ್ದು, ಅದರಲ್ಲಿ ಮಾತಾಡುವ ಭಾಗವಿಲ್ಲ. ಮಾತಿನ ಅಭ್ಯಾಸವನ್ನು ಶಾಲೆಯೇ ಸೇರಿಸಿಕೊಳ್ಳಬೇಕು.

ಜರ್ಮನ್‌ನಲ್ಲಿ ಎಡವುವುದು ಲಿಂಗದಲ್ಲಿ. ಕನ್ನಡದಲ್ಲಿ ಲಿಂಗ ಅರ್ಥ ಹಿಡಿದು ಬರುತ್ತದೆ. ಅಲ್ಲಿ ನಾಮಪದದ ಜೊತೆಗೆ ಇಂಗ್ಲಿಷಿನ ‘ದ’ ಥರದ ಒಂದು ಪದ ಬಂದು ಲಿಂಗ ತೋರಿಸುತ್ತದೆ: ಚಮಚ ‘ಡೇರ್’, ಅಂದರೆ ಪುಲ್ಲಿಂಗ. ಊಟದ ಮುಳ್ಳುಚಮಚ ‘ಡೀ’, ಸ್ತ್ರೀಲಿಂಗ. ಚಾಕು ‘ಡಾಸ್’, ನಪುಂಸಕ. ಹುಡುಗಿಗೆ ಹೇಳುವ ‘ಮೇಡ್ಶೆನ್’ ಕೂಡ ನಪುಂಸಕ. ಮೊದಲ ದಿನದಿಂದಲೇ ಪದವನ್ನು ಡೇರ್, ಡೀ, ಡಾಸ್ ಸಮೇತ, ಮೂರು ಬಣ್ಣದ ಶಾಯಿಯಲ್ಲಿ ಬರೆಸಬೇಕು. ಬರೀ ಪದ ಬಾಯಿಪಾಠ ಮಾಡಿದವರು ವಿಭಕ್ತಿಗೆ ಬಂದಾಗ ಎಲ್ಲವನ್ನೂ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಫ್ರೆಂಚ್‌ಗೆ ಒಂದೇ ಮಾತು: ಪದದ ಕೊನೆಯ ವ್ಯಂಜನಗಳು ಹೆಚ್ಚಾಗಿ ಮೌನ, ಆದರೆ ಮುಂದೆ ಸ್ವರ ಬಂದರೆ ಅವೇ ಕೆಲವು ಎದ್ದು ಬರುತ್ತವೆ. ‘ಲೇ’ (ಬರಹದಲ್ಲಿ ಕೊನೆಗೆ ಮೌನ ‘ಎಸ್’ ಇದೆ), ‘ಆಮಿ’ ಸೇರಿ ‘ಲೇಝಾಮಿ’. ಚೆನ್ನಾಗಿ ಉಚ್ಚರಿಸುವ ಶಿಕ್ಷಕರಿಲ್ಲದೆ ಪುಸ್ತಕ ಹಿಡಿದು ಫ್ರೆಂಚ್ ಕಲಿಸಲಾಗದು.

ಆದ್ದರಿಂದ ಶಾಲೆಯವರನ್ನು ಪಾಲಕರು ಕೇಳಬೇಕಾದದ್ದು: ಕಲಿಸುವವರ ಹತ್ತಿರ ಬಿ2 ಪ್ರಮಾಣಪತ್ರ ಇದೆಯೆ? ವಾರಕ್ಕೆ ಎಷ್ಟು ತಾಸು? ಒಂದು ಗುಂಪಿನಲ್ಲಿ ಎಷ್ಟು ಮಕ್ಕಳು? ಇಪ್ಪತ್ತಕ್ಕಿಂತ ಹೆಚ್ಚಾದರೆ ಬೇಡ. ಆನ್‌ಲೈನ್ ಪಾಠವೆಂದು 40 ಮಕ್ಕಳನ್ನು ಒಂದು ಪರದೆ, ಒಂದು ಮೈಕಿನ ಮುಂದೆ ಕೂರಿಸಿದರೆ ಆ ಕಡೆಯ ಶಿಕ್ಷಕರಿಗೆ ಹಿಂದಿನ ಸಾಲಿನ ದನಿಯೇ ಕೇಳಿಸುವುದಿಲ್ಲ. ಅಕ್ಕಪಕ್ಕದ ಮೂರು ನಾಲ್ಕು ಶಾಲೆಗಳು ಸೇರಿ ಒಬ್ಬ ನುರಿತ ಶಿಕ್ಷಕರನ್ನು ಕರೆಸಿಕೊಂಡರೆ ಖರ್ಚೂ ಹಂಚಿಹೋಗುತ್ತದೆ.

ಶಿಕ್ಷಣ ಇಲಾಖೆಗೆ, ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಡಯಟ್‌ಗಳಿಗೆ (ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆಗಳಿಗೆ) ನಮ್ಮ ಬೇಡಿಕೆ ದೊಡ್ಡದಲ್ಲ. ಇಂಗ್ಲಿಷ್ ಮೌಖಿಕ ಪರೀಕ್ಷೆಯ ಅಂಕ ಹಂಚಿಕೆಯನ್ನು ಒಂದು ಹಾಳೆಯಲ್ಲಿ ಸುತ್ತೋಲೆ ಮಾಡಿ ಜೂನ್‌ನಲ್ಲೇ ಕಳಿಸಿ. ಅದರ ಜೊತೆಗೆ ಎಂಟನೇ ತರಗತಿಗೆ ಬರುವ ಪ್ರತಿ ಮಗುವಿಗೂ ಮೊದಲ ವಾರ 20 ಸರಳ ಪದ ಓದಿಸಿ ನೋಡಲು ಹೇಳಿ. ಅಕ್ಷರದ ಹೆಸರು ‘ಸಿ’, ಅದರ ದನಿ ಹಲವು ಕಡೆ ‘ಕ’ ಎಂಬಲ್ಲೇ ನಿಂತುಬಿಟ್ಟ ಮಕ್ಕಳು ಆಗ ಸಿಗುತ್ತಾರೆ. ಅವರಿಗೆ ಮೂರು ವಾರ ಪಠ್ಯಪುಸ್ತಕ ಬದಿಗಿಟ್ಟು ಕ್ಯಾಟ್, ಬ್ಯಾಟ್, ಮ್ಯಾಟ್‌ನಿಂದ ಶುರುಮಾಡಿ, ‘ಕ್ಯಾಪ್’ ಕೊನೆಗೆ ಒಂದು ‘ಇ’ ಸೇರಿದರೆ ‘ಕೇಪ್’ ಆಗುವವರೆಗೆ ಓದಿಸಲು ಶಿಕ್ಷಕರಿಗೆ ಲಿಖಿತ ಅನುಮತಿ ಬೇಕು. ಪಾಠ ಮುಗಿಸಿಲ್ಲವೆಂದು ಆ ಮೂರು ವಾರಕ್ಕೆ ನೋಟಿಸ್ ಬರಬಾರದು.

— ಬಾದಾಮಿ ತಾಲ್ಲೂಕಿನ ಕೆಲವು ಪ್ರೌಢಶಾಲಾ ಭಾಷಾ ಶಿಕ್ಷಕರು, ಬಾಗಲಕೋಟೆ ಜಿಲ್ಲೆ